ಮೊದಲ ಹತ್ತು ಮಂದಿ ಬಳಕೆದಾರರು: ಹೊಸ ಉತ್ಪನ್ನದ ಯೋಚನೆಯನ್ನು ಕಟ್ಟುವ ಮೊದಲೇ ಪರೀಕ್ಷಿಸುವ ಕ್ರಮ

ಮಲೆನಾಡಿನ ಅಡಿಕೆ ತೋಟಗಳಲ್ಲಿ ಮೇ ತಿಂಗಳು ಮುಗಿಯುತ್ತ ಬಂದಿತೆಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ ಇರುತ್ತದೆ: ಔಷಧಿ ಹೊಡೆಯುವವರು ಯಾವತ್ತು ಬರುತ್ತಾರೆ? ಕೊಳೆರೋಗ ತಗಲದಂತೆ ಮಳೆ ಹಿಡಿಯುವ ಮೊದಲೇ ಗೊನೆಗಳಿಗೆ ಶೇ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ, ನೀರಿನ ಮಿಶ್ರಣ) ಬೀಳಬೇಕು, 40–45 ದಿನಗಳಾದ ಮೇಲೆ ಮತ್ತೊಮ್ಮೆ ಬೀಳಬೇಕು. ಮರ ಹತ್ತಿ ಈ ಕೆಲಸ ಮಾಡಬಲ್ಲ ಕೊನೆಗೌಡರು ಈಗ ಕಡಿಮೆ. ನೆಲದಲ್ಲೇ ನಿಂತು ಹೊಡೆಯುವ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಬಂದ ಮೇಲೂ ಅದನ್ನು ಹಿಡಿದು ಗೊನೆಗೆ ಸರಿಯಾಗಿ ಹೊಡೆಯುವ ನುರಿತ ಕೈ ಬೇಕೇ ಬೇಕು.

ಈ ಪ್ರಶ್ನೆಯಲ್ಲಿ ಒಂದು ಉದ್ಯಮವೇ ಇದೆ ಎಂದು ಕೆಲವು ವರ್ಷಗಳ ಹಿಂದೆ ನನಗೂ ನನ್ನ ಗೆಳೆಯನಿಗೂ ಅನ್ನಿಸಿತು. ತೋಟದವರು ಆ್ಯಪ್‌ನಲ್ಲಿ ದಿನ ಗೊತ್ತುಮಾಡುತ್ತಾರೆ, ಬಿಡುವಿರುವ ಕೊನೆಗೌಡರು ಬಂದು ಕೆಲಸ ಮಾಡಿಕೊಡುತ್ತಾರೆ, ನಮಗೊಂದು ಸಣ್ಣ ಕಮಿಷನ್ ಬರುತ್ತದೆ ಎಂಬುದು ನಮ್ಮ ಲೆಕ್ಕಾಚಾರ. ನಾಲ್ಕು ತಿಂಗಳು ರಾತ್ರಿ ನಿದ್ದೆಗೆಟ್ಟು ಆ್ಯಪ್ ಬರೆದೆವು. ಮಳೆಗಾಲ ಬಂತು, ಹೋಯಿತು. ಆ್ಯಪ್ ಇಳಿಸಿಕೊಂಡವರಲ್ಲಿ ಬಹುಪಾಲು ಮಂದಿ ನಮ್ಮ ನೆಂಟರೇ ಆಗಿದ್ದರು, ಅವರಲ್ಲಿ ಕೆಲವರಿಗೆ ಅಡಿಕೆ ತೋಟವೇ ಇರಲಿಲ್ಲ. ಮರುವರ್ಷ ಒಂದು ಸಾಲು ಕೋಡನ್ನೂ ಬರೆಯದೆ, ಒಂದು ನೋಟ್‌ಬುಕ್ ಮತ್ತು ಒಂದು ಫೋನ್ ಹಿಡಿದು ಅದೇ ಕೆಲಸವನ್ನು ಮೊದಲಿನಿಂದ ಆರಂಭಿಸಿದೆವು. ಮುಂದೆ ಹೇಳುವ ಕ್ರಮ ಆ ಎರಡನೇ ವರ್ಷದಲ್ಲಿ ಕೈಗೆ ಹತ್ತಿದ್ದು. ನೀವು ಮಾರಹೊರಟಿರುವುದು ಸಾಫ್ಟ್‌ವೇರ್ ಆಗಿರಲಿ, ಸಿರಿಧಾನ್ಯದ ಹಿಟ್ಟಾಗಿರಲಿ, ಕಳೆ ತೆಗೆಯುವ ಯಂತ್ರವಾಗಿರಲಿ, ಕ್ರಮದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಒಂದು: ಯೋಚನೆಯನ್ನು ಸುಳ್ಳಾಗಬಲ್ಲ ವಾಕ್ಯಗಳಾಗಿ ಒಡೆಯಿರಿ

'ರೈತರಿಗೆ ಅನುಕೂಲವಾಗುವ ಆ್ಯಪ್' ಎಂಬುದು ಯಾವ ಕಾಲಕ್ಕೂ ಸುಳ್ಳಾಗದ ಮಾತು. ಆದ್ದರಿಂದಲೇ ಅದನ್ನು ಪರೀಕ್ಷಿಸಲು ಬರುವುದಿಲ್ಲ. ಯಾರಿಗೆ, ಯಾವ ಸಂದರ್ಭದಲ್ಲಿ, ಏನು ತೊಂದರೆ, ಅದಕ್ಕೆ ಅವರು ಇವತ್ತು ಏನು ಮಾಡಿಕೊಳ್ಳುತ್ತಿದ್ದಾರೆ, ಅದನ್ನು ಬಿಟ್ಟು ನಿಮ್ಮ ಬಳಿಗೆ ಏಕೆ ಬರುತ್ತಾರೆ, ಬಂದರೆ ಎಷ್ಟು ಕೊಡುತ್ತಾರೆ ಎಂಬ ಆರು ಪ್ರಶ್ನೆಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರ ಬರೆದುಕೊಳ್ಳಿ. ಬರೆದ ಪ್ರತಿ ವಾಕ್ಯವೂ ನಿಮ್ಮ ಊಹೆ ಎಂಬುದು ನೆನಪಿರಲಿ.

ನಮ್ಮ ಯೋಚನೆ ನಾಲ್ಕು ಊಹೆಗಳ ಮೇಲೆ ನಿಂತಿತ್ತು. ಬೆಳೆಗಾರರಿಗೆ ಕೊನೆಗೌಡರು ಸಿಗುತ್ತಿಲ್ಲ ಎಂಬುದು ಮೊದಲನೆಯದು. ಕೊನೆಗೌಡರಿಗೆ ಬಿಡುವಿನ ದಿನಗಳಿವೆ ಎಂಬುದು ಎರಡನೆಯದು. ಪರಿಚಯವಿಲ್ಲದವರನ್ನು ಬೆಳೆಗಾರರು ತೋಟಕ್ಕೆ ಬಿಟ್ಟುಕೊಳ್ಳುತ್ತಾರೆ ಎಂಬುದು ಮೂರನೆಯದು. ಈ ಜೋಡಣೆಗೆ ಯಾರಾದರೂ ನಮಗೆ ಹಣ ಕೊಡುತ್ತಾರೆ ಎಂಬುದು ನಾಲ್ಕನೆಯದು. ಇಷ್ಟನ್ನು ಬರೆದ ಮೇಲೆ ಯಾವುದು ಸುಳ್ಳಾದರೆ ಉಳಿದದ್ದೆಲ್ಲ ಬಿದ್ದುಹೋಗುತ್ತದೆ ಎಂದು ನೋಡಿ, ಅದನ್ನೇ ಮೊದಲು ಪರೀಕ್ಷಿಸಬೇಕು. ಮೊದಲ ವರ್ಷ ನಾವು ಪರೀಕ್ಷಿಸಿದ್ದು ನಮಗೆ ಸುಲಭವಾದದ್ದನ್ನು, ಅಂದರೆ ಬೆಳೆಗಾರರಿಗೆ ಆ್ಯಪ್ ಬಳಸಲು ಬರುತ್ತದೆಯೇ ಎಂಬುದನ್ನು. ಧಾರಾಳವಾಗಿ ಬರುತ್ತಿತ್ತು. ಬಿದ್ದದ್ದು ಎರಡನೆಯ ಊಹೆ: ಜೂನ್ ಮೊದಲ ವಾರದಲ್ಲಿ ಇಡೀ ತಾಲ್ಲೂಕಿನಲ್ಲಿ ಬಿಡುವಿರುವ ಒಬ್ಬ ಕೊನೆಗೌಡನೂ ಇರುವುದಿಲ್ಲ. ಒಂದು ಮಧ್ಯಾಹ್ನ ನಾಲ್ಕು ಮಂದಿಯನ್ನು ವಿಚಾರಿಸಿದ್ದರೆ ತಿಳಿಯುತ್ತಿದ್ದ ಸಂಗತಿಗೆ ನಾವು ನಾಲ್ಕು ತಿಂಗಳು ತೆತ್ತೆವು.

ಎರಡು: ಯಾರನ್ನು ಕೇಳಬೇಕು ಎಂಬುದನ್ನು ಕಿರಿದಾಗಿಸಿ

'ಅಡಿಕೆ ಬೆಳೆಗಾರರು' ಎಂಬ ಗುಂಪು ತೀರಾ ದೊಡ್ಡದು. ಹತ್ತು ಎಕರೆ ತೋಟದವರ ಮನೆಗೆ ಪ್ರತಿ ವರ್ಷ ಬರುವ ಕೊನೆಗೌಡರ ತಂಡ ನಿಗದಿಯಾಗಿರುತ್ತದೆ. ಅರ್ಧ ಎಕರೆಯವರು ತಾವೇ ದೋಟಿ ಹಿಡಿಯುತ್ತಾರೆ ಅಥವಾ ಪಕ್ಕದ ತೋಟಕ್ಕೆ ಬಂದವರನ್ನೇ ಅರ್ಧ ದಿನ ಕರೆಯುತ್ತಾರೆ. ತೊಂದರೆ ನಿಜವಾಗಿ ಕಾಡುವುದು ಎರಡರಿಂದ ನಾಲ್ಕು ಎಕರೆ ಇರುವ, ಮಕ್ಕಳು ಬೆಂಗಳೂರಿನಲ್ಲಿರುವ, ಮನೆಯಲ್ಲಿ ವಯಸ್ಸಾದ ಇಬ್ಬರೇ ಇರುವ ತೋಟಗಳನ್ನು. ಗುಂಪನ್ನು ಇಷ್ಟು ಕಿರಿದಾಗಿಸಿದ ಮೇಲೆ ಅವರನ್ನು ಎಲ್ಲಿ ಹುಡುಕಬೇಕೆಂಬುದು ತಾನಾಗಿಯೇ ಗೊತ್ತಾಯಿತು. ಮೇ ತಿಂಗಳಲ್ಲಿ ಅವರು ಮೈಲುತುತ್ತ ಕೊಳ್ಳಲು ಸೊಸೈಟಿಗೆ ಬಂದೇ ಬರುತ್ತಾರೆ. ಕೌಂಟರಿನ ಎದುರು ಚೀಲ ಹಿಡಿದು ನಿಂತವರ ಮನಸ್ಸಿನಲ್ಲಿ ಆ ಹೊತ್ತಿಗೆ ಔಷಧಿಯ ಚಿಂತೆಯೇ ಇರುವುದರಿಂದ ಮಾತು ತೆಗೆಯಲು ಪೀಠಿಕೆಯೂ ಬೇಕಾಗುವುದಿಲ್ಲ.

ನಿಮ್ಮ ಉತ್ಪನ್ನಕ್ಕೂ ಅಂಥದೊಂದು ಕೌಂಟರ್ ಇರುತ್ತದೆ. ತೊಂದರೆ ಹಸಿಯಾಗಿರುವಾಗ ಜನ ಎಲ್ಲಿ ನಿಲ್ಲುತ್ತಾರೆ ಎಂದು ಯೋಚಿಸಿ. ಮಕ್ಕಳ ಟಿಫಿನ್‌ಗೆ ಸಂಬಂಧಿಸಿದ್ದಾದರೆ ಬೆಳಗಿನ ಎಂಟು ಗಂಟೆಗೆ ಶಾಲೆಯ ಗೇಟು, ಅಂಗಡಿಯವರ ಜಿಎಸ್‌ಟಿ ಲೆಕ್ಕಕ್ಕೆ ಸಂಬಂಧಿಸಿದ್ದಾದರೆ ರಿಟರ್ನ್ ಸಲ್ಲಿಸುವ ಕೊನೆಯ ದಿನಗಳಲ್ಲಿ ಲೆಕ್ಕಪರಿಶೋಧಕರ ಕಚೇರಿಯ ಬೆಂಚು. ಫ್ಲಿಪ್‌ಕಾರ್ಟ್ 2007ರಲ್ಲಿ ಬರೀ ಪುಸ್ತಕ ಮಾರುತ್ತ ಆರಂಭವಾದಾಗ ಅದನ್ನು ಕಟ್ಟಿದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಬೆಂಗಳೂರಿನಲ್ಲಿ ಪುಸ್ತಕದಂಗಡಿಯ ಹೊರಗೆ ನಿಂತು, ಪುಸ್ತಕ ಕೊಂಡು ಹೊರಬರುವವರಿಗೆ ತಮ್ಮ ತಾಣದ ಹೆಸರಿದ್ದ ಬುಕ್‌ಮಾರ್ಕ್ ಹಂಚಿದ್ದರು. ಅಲ್ಲಿಂದ ಹೊರಬರುವವರು ದುಡ್ಡು ಕೊಟ್ಟು ಪುಸ್ತಕ ಕೊಳ್ಳುವವರೆಂಬುದು ಆಗಲೇ ಖಚಿತವಾಗಿರುತ್ತದೆ, ಕೈಗೆ ಕೊಟ್ಟ ಚೀಟಿಯೂ ಅವರು ಎಸೆಯದೆ ಇಟ್ಟುಕೊಳ್ಳುವಂಥದು.

ನೆಂಟರನ್ನು ಮತ್ತು ಗೆಳೆಯರನ್ನು ಕೇಳಬಾರದೆಂದೇನಿಲ್ಲ, ಆದರೆ ಅವರು ಸಾಕ್ಷಿಗಳಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಅವರಿಂದ ಬೇರೊಂದು ಉಪಕಾರ ಪಡೆಯಿರಿ: 'ನಿಮಗೆ ಇದು ಬೇಕೇ' ಎನ್ನುವ ಬದಲು 'ಈ ತೊಂದರೆ ಇರುವ, ನನಗೆ ಪರಿಚಯವಿಲ್ಲದ ಇಬ್ಬರ ಬಳಿ ನನ್ನನ್ನು ಕಳಿಸಿಕೊಡಿ' ಎನ್ನಿ. ನಮ್ಮೂರುಗಳಲ್ಲಿ ಇಂಥವರು ಕಳಿಸಿದ್ದು ಎಂಬ ಒಂದು ಮಾತಿಗೆ ಜಗುಲಿಯಲ್ಲಿ ಅರ್ಧ ಗಂಟೆಯೂ ಒಂದು ಲೋಟ ಕಷಾಯವೂ ಸಿಗುತ್ತವೆ.

ಮೂರು: ಆಗಿಹೋದದ್ದನ್ನು ಕೇಳಿ, ಆಗಬಹುದಾದದ್ದನ್ನು ಕೇಳಬೇಡಿ

ಇಡೀ ಕ್ರಮದಲ್ಲಿ ಹೆಚ್ಚು ಜನ ಎಡವುವುದು ಇಲ್ಲಿಯೇ ಆದ್ದರಿಂದ ಈ ಹೆಜ್ಜೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕನ್ನಡಿಗರಾದ ನಾವು ಎದುರಿಗಿರುವವರ ಮನಸ್ಸು ನೋಯಿಸುವುದಿಲ್ಲ. ಮನೆಗೆ ಬಂದು ಉತ್ಸಾಹದಿಂದ ಏನನ್ನೋ ತೋರಿಸುತ್ತಿರುವ ಹುಡುಗನಿಗೆ 'ಇದು ನನಗೆ ಬೇಡ' ಎಂದು ಹೇಳುವವರು ನೂರಕ್ಕೆ ಒಬ್ಬರೂ ಇಲ್ಲ. ಬದಲಿಗೆ 'ಚೆನ್ನಾಗಿದೆ, ಮಾಡಿ' ಎನ್ನುತ್ತಾರೆ. 'ಮಾಡಿ' ಎಂಬ ಮಾತಿನಲ್ಲಿ ಮಾಡುವ ಹೊಣೆ ನಿಮ್ಮದು, ಕೊಳ್ಳುವ ಹೊಣೆ ಯಾರದ್ದೂ ಅಲ್ಲ ಎಂಬ ಅರ್ಥವಿದೆ. 'ನೋಡೋಣ' ಎಂದರೆ ಬೇಡ ಎಂದೇ ಅರ್ಥ. 'ನಮಗಲ್ಲದಿದ್ದರೂ ಬೇರೆಯವರಿಗೆ ತುಂಬಾ ಉಪಯೋಗವಾಗುತ್ತದೆ' ಎಂಬುದು ಇನ್ನೂ ಸೌಜನ್ಯದ 'ಬೇಡ'. 'ಶುರುವಾದ ಮೇಲೆ ಹೇಳಿ' ಎಂದವರು ಶುರುವಾದ ಮೇಲೆ ಫೋನ್ ಎತ್ತುವುದಿಲ್ಲ. ಈ ಮಾತುಗಳನ್ನೆಲ್ಲ ಮೊದಲ ವರ್ಷ ನಾವು ಒಪ್ಪಿಗೆ ಎಂದು ಬರೆದುಕೊಂಡಿದ್ದೆವು; ಹದಿನೇಳು ಮಂದಿಯಲ್ಲಿ ಹದಿನಾಲ್ಕು ಮಂದಿಯ ಹೆಸರಿನ ಮುಂದೆ ಸರಿ ಗುರುತು ಹಾಕಿದ ಆ ಹಾಳೆ ಈಗಲೂ ನನ್ನ ಬಳಿ ಇದೆ.

ಈ ಸೌಜನ್ಯದ ಗೋಡೆಯನ್ನು ದಾಟಲು ಒಂದೇ ಉಪಾಯವಿದೆ. ನಿಮ್ಮ ಉತ್ಪನ್ನದ ಸುದ್ದಿಯನ್ನೇ ಎತ್ತದೆ, ಕಳೆದ ಬಾರಿ ಏನಾಯಿತು ಎಂದು ಕೇಳಬೇಕು. ಆಗಿಹೋದದ್ದರ ಬಗ್ಗೆ ಹೇಳುವಾಗ ಯಾರನ್ನೂ ಮೆಚ್ಚಿಸುವ ಅಗತ್ಯ ಇರುವುದಿಲ್ಲ. ಎರಡನೇ ವರ್ಷ ಹಿರಿಯ ಬೆಳೆಗಾರರೊಬ್ಬರ ಜೊತೆ ನಡೆದ ಮಾತು ಹೀಗಿತ್ತು.

'ಹೋದ ವರ್ಷ ಮೊದಲನೇ ಔಷಧಿ ಯಾವತ್ತು ಹೊಡೆಸಿದಿರಿ?'

'ಹೊಡೆಸಬೇಕು ಅಂದಿದ್ದು ಜೂನ್ ಎರಡಕ್ಕೆ. ಹೊಡೆದಿದ್ದು ಹನ್ನೊಂದಕ್ಕೆ.'

'ನಡುವೆ ಏನಾಯಿತು?'

'ಎರಡನೇ ತಾರೀಕು ಬೆಳಿಗ್ಗೆ ಬರ್ತೇವೆ ಅಂದಿದ್ರು. ನಾನು ಸುಣ್ಣ, ತುತ್ತ ಎಲ್ಲ ಕಲಸಿ ಇಟ್ಟೆ ತಮ್ಮಾ. ಹತ್ತು ಗಂಟೆಯಾದರೂ ಜನ ಇಲ್ಲ. ಫೋನ್ ಹಚ್ಚಿದರೆ ಎತ್ತೋದಿಲ್ಲ. ಸಂಜೆ ನೋಡಿದರೆ ಆಚೆ ಊರಲ್ಲಿ ಇದ್ದಾರೆ.'

'ಕಲಸಿದ ದ್ರಾವಣ?'

'ಚೆಲ್ಲಿದೆ. ಮತ್ತೇನು ಮಾಡೋದು?'

ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಮತ್ತು ಸುಣ್ಣ ತಲಾ 1 ಕಿಲೋ, ನೀರು 100 ಲೀಟರ್; ಬೆರೆಸಿದ ಮೇಲೆ ಅಂದೇ ಬಳಸಿ ಮುಗಿಸಬೇಕು, ಮರುದಿನಕ್ಕೆ ಇಡಲು ಬರುವುದಿಲ್ಲ. ಅವರು ಡ್ರಮ್ಮಿನಲ್ಲಿದ್ದ ನೀಲಿ ದ್ರಾವಣವನ್ನು ಚೆಲ್ಲಿದ ಜಾಗವನ್ನು ಕೈ ಮಾಡಿ ತೋರಿಸಿದಾಗ, ಅವರ ತೊಂದರೆ ಕೊನೆಗೌಡರು ಸಿಗದಿರುವುದಲ್ಲ ಎಂದು ನಮಗೆ ಮೊದಲ ಬಾರಿಗೆ ಹೊಳೆಯಿತು. ಅವರಿಗೆ ಜನ ಗೊತ್ತಿದ್ದರು, ಜನ ಒಪ್ಪಿಯೂ ಇದ್ದರು. ಗೊತ್ತಿಲ್ಲದ್ದು ಬರುವ ದಿನ ಮಾತ್ರ. 'ಕೊನೆಗೌಡರನ್ನು ಹುಡುಕಿಕೊಡುವ ಆ್ಯಪ್ ಇದ್ದರೆ ಬಳಸುತ್ತೀರಾ' ಎಂದು ಕೇಳಿದ್ದರೆ ಇದೇ ಹಿರಿಯರು ಸರಾಗವಾಗಿ ಹೌದು ಎನ್ನುತ್ತಿದ್ದರು. ಮೊದಲ ವರ್ಷ ಅಂದೂ ಇದ್ದರು.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಕೆಲವೇ: ಕಳೆದ ಬಾರಿ ಇದು ಯಾವಾಗ ಎದುರಾಯಿತು, ಆಗ ಏನು ಮಾಡಿದಿರಿ, ಅದಕ್ಕೆ ಎಷ್ಟು ಖರ್ಚಾಯಿತು, ಬೇರೆ ಯಾವ ದಾರಿ ನೋಡಿದಿರಿ, ಅದನ್ನು ಏಕೆ ಬಿಟ್ಟಿರಿ. ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರವೇ ಇಲ್ಲದಿದ್ದರೆ, ಅಂದರೆ ಆ ವ್ಯಕ್ತಿ ಪರಿಹಾರಕ್ಕಾಗಿ ಇದುವರೆಗೆ ಒಂದು ಫೋನನ್ನೂ ಮಾಡಿರದಿದ್ದರೆ, ತೊಂದರೆ ಇರುವುದು ನಿಜವಾದರೂ ಅದಕ್ಕೆ ಹಣ ಬಿಚ್ಚುವಷ್ಟು ಅದು ಅವರನ್ನು ಕಾಡುತ್ತಿಲ್ಲ ಎಂದು ತಿಳಿಯಬೇಕು. ನಡುವೆ ಮೌನ ಬಂದರೆ ಅದನ್ನು ತುಂಬಲು ಹೋಗಬೇಡಿ. ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಒಬ್ಬರೇ ಹೋಗಿದ್ದರೆ ಮನೆ ತಲುಪುವ ಮೊದಲು ದಾರಿಯಲ್ಲೇ ನಿಂತು ಅವರದ್ದೇ ಮಾತುಗಳಲ್ಲಿ ಬರೆದಿಟ್ಟುಕೊಳ್ಳಿ. 'ಸಮಯಪಾಲನೆಯ ಕೊರತೆ' ಎಂದು ಬರೆದುಕೊಂಡರೆ ಮುಂದೆ ಏನೂ ನೆನಪಾಗುವುದಿಲ್ಲ, 'ಕಲಸಿದ್ದು ಚೆಲ್ಲಿದೆ' ಎಂದು ಬರೆದುಕೊಂಡರೆ ಆಮೇಲೆ ಅದೇ ನಿಮ್ಮ ಜಾಹೀರಾತಿನ ವಾಕ್ಯವೂ ಆಗಬಹುದು.

ಎಷ್ಟು ಮಂದಿಯನ್ನು ಕಾಣಬೇಕು ಎಂಬುದಕ್ಕೆ ಲೆಕ್ಕದ ಸೂತ್ರವಿಲ್ಲ. ಮುಂದಿನವರು ಏನು ಹೇಳುತ್ತಾರೆಂದು ನೀವು ಮೊದಲೇ ಊಹಿಸಬಲ್ಲಿರಾದರೆ ಸಾಕು. ಗುಂಪು ಕಿರಿದಾಗಿದ್ದರೆ ಹನ್ನೆರಡು, ಹದಿನೈದು ಮಂದಿಯ ಹೊತ್ತಿಗೆ ಆ ಸ್ಥಿತಿ ಬರುತ್ತದೆ. ಇಪ್ಪತ್ತೈದಾದರೂ ಪ್ರತಿಯೊಬ್ಬರೂ ಹೊಸದನ್ನೇ ಹೇಳುತ್ತಿದ್ದರೆ ನಿಮ್ಮ ಗುಂಪು ಇನ್ನೂ ಕಿರಿದಾಗಿಲ್ಲ. ಈ ಹಂತದಲ್ಲಿ ಗೂಗಲ್ ಫಾರ್ಮ್ ಹಂಚುವುದರಿಂದ ಏನೂ ಸಿಗುವುದಿಲ್ಲ. ಫಾರ್ಮ್ ನೀವು ಕೇಳಿದ್ದಕ್ಕಷ್ಟೇ ಉತ್ತರ ತರುತ್ತದೆ, ಏನು ಕೇಳಬೇಕೆಂಬುದೇ ನಿಮಗಿನ್ನೂ ಗೊತ್ತಿರುವುದಿಲ್ಲ.

ನಾಲ್ಕು: ಏನನ್ನಾದರೂ ಕೇಳಿ ಪಡೆಯಿರಿ

ಮಾತುಕತೆ ಮುಗಿದ ಮೇಲೆ ನಿಮ್ಮ ಪರಿಹಾರವನ್ನು ಎರಡು ವಾಕ್ಯಗಳಲ್ಲಿ ಹೇಳಿ, ಕೂಡಲೇ ಅವರಿಂದ ಏನನ್ನಾದರೂ ಕೇಳಬೇಕು. ಮೆಚ್ಚುಗೆಗೆ ಅವರಿಗೆ ಏನೂ ಖರ್ಚಿಲ್ಲ; ಸಮಯ, ಹೆಸರು, ಹಣ ಈ ಮೂರಕ್ಕೆ ಖರ್ಚಿದೆ. ನಾಳಿದ್ದು ಒಂದು ಗಂಟೆ ಕೊಡುತ್ತೀರಾ ಎಂಬುದು ಸಣ್ಣ ಬೇಡಿಕೆ. ನಿಮ್ಮ ಹೆಸರು ಹೇಳಿ ಪಕ್ಕದ ತೋಟದವರಿಗೆ ನೀವೇ ಫೋನ್ ಮಾಡಿಕೊಡುತ್ತೀರಾ ಎಂಬುದು ಅದಕ್ಕಿಂತ ದೊಡ್ಡದು, ಏಕೆಂದರೆ ಕೆಲಸ ಕೆಟ್ಟರೆ ಅವರ ಮಾತಿಗೆ ಬೆಲೆ ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡದು ಮುಂಗಡ.

ನಾವು 200 ರೂಪಾಯಿ ಮುಂಗಡ ಕೇಳಿದೆವು. ಔಷಧಿ ಹೊಡೆಯುವ ತಂಡ ಬರುವ ದಿನವನ್ನು ಎರಡು ದಿನ ಮೊದಲು ಖಚಿತವಾಗಿ ತಿಳಿಸುತ್ತೇವೆ, ದಿನ ಬದಲಾದರೆ ಹಿಂದಿನ ರಾತ್ರಿ ಎಂಟರೊಳಗೆ ಹೇಳುತ್ತೇವೆ, ತಪ್ಪಿದರೆ ಹಣ ವಾಪಸ್ ಎಂಬುದು ನಮ್ಮ ಕಡೆಯ ಮಾತು. ಇನ್ನೂ ಏನೂ ತಯಾರಾಗಿಲ್ಲ, ಈ ವರ್ಷ ಪ್ರಯೋಗ ಮಾತ್ರ ಎಂಬುದನ್ನು ಮುಚ್ಚಿಡಲಿಲ್ಲ. ಇಲ್ಲದ್ದನ್ನು ಇದೆ ಎಂದು ತೋರಿಸಿ ಪಡೆದ ಮುಂಗಡ ಪರೀಕ್ಷೆಯಾಗುವುದಿಲ್ಲ, ಮೋಸವಾಗುತ್ತದೆ. ತೀರಾ ಚೆನ್ನಾಗಿದೆ ಎಂದವರಲ್ಲಿ ಹಲವರು ಈ ಬೇಡಿಕೆ ಕೇಳಿದ ಕೂಡಲೇ ಹವಾಮಾನದ ವಿಷಯಕ್ಕೆ ಹೊರಳಿದರು. ನಾಲ್ವರು ಮಾತ್ರ ಒಳಗೆ ಹೋಗಿ ಹಣ ತಂದರು. ಅವರಲ್ಲಿ ಒಬ್ಬರು ನಮ್ಮ ಯೋಚನೆಯನ್ನು ಮೊದಲಿನಿಂದ ಕೊನೆಯವರೆಗೂ ಟೀಕಿಸುತ್ತಲೇ ಇದ್ದವರು. ಹೊಗಳಿ ಕಳಿಸಿದವರಿಗಿಂತ, ಬೈದು ಮುಂಗಡ ಕೊಟ್ಟವರನ್ನು ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದೆಂದು ಅಂದಿನಿಂದ ನಂಬಿದ್ದೇನೆ.

ಸ್ಪರ್ಧೆಗಳಲ್ಲಿ ಸಿಗುವ ಬಹುಮಾನ, ಸಮಾವೇಶದಲ್ಲಿ ಬೀಳುವ ಚಪ್ಪಾಳೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುವ ಹೆಬ್ಬೆರಳಿನ ಚಿತ್ರ, ಇವು ಯಾವುವೂ ಈ ಲೆಕ್ಕಕ್ಕೆ ಸೇರುವುದಿಲ್ಲ. ತೀರ್ಪುಗಾರರು ನಿಮ್ಮ ಗ್ರಾಹಕರಲ್ಲ.

ಐದು: ಯಂತ್ರ ಕಟ್ಟುವ ಮೊದಲು ಕೈಯಲ್ಲಿ ಮಾಡಿ

ಅಮೆರಿಕದ ಜಾಪೋಸ್ ಎಂಬ ಪಾದರಕ್ಷೆ ಮಾರಾಟ ಸಂಸ್ಥೆ 1999ರಲ್ಲಿ ಆರಂಭವಾದದ್ದು ದಾಸ್ತಾನಿಲ್ಲದೆ. ಅದರ ಸ್ಥಾಪಕ ನಿಕ್ ಸ್ವಿನ್‌ಮರ್ನ್ ಊರಿನ ಅಂಗಡಿಗೆ ಹೋಗಿ ಶೂಗಳ ಫೋಟೊ ತೆಗೆದು ಜಾಲತಾಣಕ್ಕೆ ಹಾಕಿದರು. ಯಾರಾದರೂ ಆರ್ಡರ್ ಮಾಡಿದರೆ ಅದೇ ಅಂಗಡಿಗೆ ಹೋಗಿ ಪೂರ್ತಿ ಬೆಲೆ ಕೊಟ್ಟು ಕೊಂಡು ಅಂಚೆಯಲ್ಲಿ ಕಳಿಸಿದರು. ಪ್ರತಿ ಜೋಡಿಯ ಮೇಲೂ ನಷ್ಟವೇ. ಆದರೆ ಕಾಲಿಗೆ ಹಾಕಿ ನೋಡದೆ ಜನ ಶೂ ಕೊಳ್ಳುತ್ತಾರೆಯೇ ಎಂಬ ಒಂದೇ ಪ್ರಶ್ನೆಗೆ ಉತ್ತರ ಬೇಕಿತ್ತು. ಅದು ಗೋದಾಮು ಕಟ್ಟದೆಯೇ ಸಿಕ್ಕಿತು.

ನಮ್ಮ ಗೋದಾಮು ಎಂದರೆ ಆ್ಯಪ್. ಅದರ ಜಾಗದಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡೆವು. ಎಡ ಪುಟದಲ್ಲಿ ತೋಟ, ಎಕರೆ, ದಾರಿ, ನೀರಿನ ವ್ಯವಸ್ಥೆ; ಬಲ ಪುಟದಲ್ಲಿ ತಂಡ ಮತ್ತು ತಾರೀಕು. ಮುಂಗಡ ಕೊಟ್ಟ ನಾಲ್ವರೂ ಅವರು ಕರೆತಂದ ಐವರೂ ಸೇರಿ ಒಂಬತ್ತು ತೋಟ, ಎರಡು ತಂಡ. ನಾಲ್ಕನೇ ದಿನ ಮಳೆ ಹಿಡಿಯಿತು. ಗೊನೆ ಒಣಗದೆ ಔಷಧಿ ಹೊಡೆಯುವಂತಿಲ್ಲ. ನೋಟ್‌ಬುಕ್ಕಿನ ಬಲ ಪುಟ ಪೂರ್ತಿ ಹೊಡೆದುಹಾಕಿ ಮತ್ತೆ ಬರೆಯಬೇಕಾಯಿತು. ಮರುದಿನ ಮತ್ತೊಮ್ಮೆ. ಆ ವಾರ ದಿನಕ್ಕೆ ಮೂವತ್ತು ನಲವತ್ತು ಕರೆ ಮಾಡಿದೆವು.

ಆ ಕರೆಗಳ ನಡುವೆಯೇ ನಿಜವಾದ ಉತ್ಪನ್ನ ಕಾಣಿಸಿತು. ಮಳೆ ಬಿಡುವು ಕೊಟ್ಟ ಒಂದು ಸಂಜೆ ತಂಡದ ಮುಖ್ಯಸ್ಥರನ್ನು ಕಾಣಲು ಹೋಗಿದ್ದೆ. ಅವರ ಫೋನ್ ಎಡೆಬಿಡದೆ ಬಡಿದುಕೊಳ್ಳುತ್ತಿತ್ತು, ಅವರು ಎತ್ತುತ್ತಿರಲಿಲ್ಲ. 'ಏನಂತ ಹೇಳಲಿ ಸಾರ್, ನನಗೇ ಗೊತ್ತಿಲ್ಲ ನಾಳೆ ಎಲ್ಲಿ ಅಂತ. ಎತ್ತಿದರೆ ಬೈತಾರೆ, ಎತ್ತದಿದ್ದರೆ ಮುಂದಿನ ವರ್ಷ ಬೈತಾರೆ' ಎಂದರು. ಮಳೆಯಿಂದ ತಪ್ಪಿದ ಸರದಿಯನ್ನು ಮತ್ತೆ ಜೋಡಿಸಿ, ಕಾಯುತ್ತಿರುವ ಪ್ರತಿಯೊಬ್ಬರಿಗೂ ಸಂಜೆಯೊಳಗೆ ಸುದ್ದಿ ಮುಟ್ಟಿಸುವ ಕೆಲಸ ಬೆಳೆಗಾರರಿಗಿಂತ ಹೆಚ್ಚಾಗಿ ಅವರಿಗೇ ಬೇಕಾಗಿತ್ತು. ನಾವು ಬೆಳೆಗಾರರನ್ನು ಗ್ರಾಹಕರೆಂದುಕೊಂಡು ಕೆಲಸಗಾರರನ್ನು ಸರಕು ಎಂಬಂತೆ ಲೆಕ್ಕ ಹಾಕಿದ್ದೆವು. ಆ ಲೆಕ್ಕ ತಪ್ಪೆಂಬುದು ಕೋಡ್ ಬರೆಯುತ್ತ ಕುಳಿತಿದ್ದರೆ ತಿಳಿಯುತ್ತಿರಲಿಲ್ಲ.

ಗ್ರಾಹಕ ಯಾರು ಎಂಬುದೇ ಬದಲಾಗುವುದು ಅಪರೂಪವೇನಲ್ಲ. 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗಲು ಬಸ್ ಟಿಕೆಟ್ ಸಿಗದ ಅನುಭವದಿಂದ ಫಣೀಂದ್ರ ಸಾಮ ಮತ್ತು ಅವರ ಗೆಳೆಯರು ಮೊದಲು ಮಾಡಹೊರಟದ್ದು ಬಸ್ ಮಾಲೀಕರಿಗೆ ಬೇಕಾದ ಸಾಫ್ಟ್‌ವೇರನ್ನು. ಮಾಲೀಕರು ಅದರಲ್ಲಿ ಆಸಕ್ತಿ ತೋರಲಿಲ್ಲ. ಆಗ ಅವರು ಮಾಲೀಕರಿಂದ ಸೀಟುಗಳನ್ನು ಪಡೆದು ನೇರವಾಗಿ ಪ್ರಯಾಣಿಕರಿಗೆ ಮಾರಲು ತೊಡಗಿದರು, 2006ರಲ್ಲಿ ರೆಡ್‌ಬಸ್ ಆರಂಭವಾಯಿತು. ನಮ್ಮದು ಅದಕ್ಕೆ ತದ್ವಿರುದ್ಧ ದಿಕ್ಕಿನ ಪಯಣ.

ಕೈಯಲ್ಲಿ ಮಾಡುವ ವಿಧಾನ ಉತ್ಪನ್ನದಿಂದ ಉತ್ಪನ್ನಕ್ಕೆ ಬೇರೆ. ಯಂತ್ರವಾದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಒಂದನ್ನು ಮಾಡಿಸಿ ಬಾಡಿಗೆಗೆ ಕೊಟ್ಟು ನೋಡಬಹುದು. ಎರಡನೇ ಸಲ ಬಾಡಿಗೆಗೆ ಕೇಳಿಕೊಂಡು ಬಂದವರು ಕೊಳ್ಳುವ ಸಾಧ್ಯತೆ ಇದೆ. ತರಬೇತಿಯಾದರೆ ವಿಡಿಯೊ ಮಾಡುವ ಮೊದಲು ಐದು ಮಂದಿಗೆ ಮನೆಯಲ್ಲಿ ಕೂರಿಸಿ ಕಲಿಸಿ. ತಿನ್ನುವ ಪದಾರ್ಥವಾದರೆ ಮಾತ್ರ ಹುಷಾರಾಗಿರಬೇಕು: ಎಷ್ಟೇ ಸಣ್ಣ ಪ್ರಮಾಣದಲ್ಲಿ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ನೋಂದಣಿ ಬೇಕು, ಮತ್ತು ಉಪ್ಪಿನಕಾಯಿ ಎಷ್ಟು ತಿಂಗಳು ಕೆಡದೆ ಉಳಿಯುತ್ತದೆ ಎಂಬುದನ್ನು ಗ್ರಾಹಕರ ಅಡುಗೆಮನೆಯಲ್ಲಿ ಪರೀಕ್ಷಿಸಬಾರದು. ಅದಕ್ಕೆ ಪ್ರಯೋಗಾಲಯಗಳಿವೆ, ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ 1950ರಿಂದಲೂ ಆಹಾರ ತಂತ್ರಜ್ಞಾನದ ಕೆಲಸ ಮಾಡುತ್ತಿದೆ.

ಆರು: ಮೊದಲ ದಿನದಿಂದಲೇ ಬೆಲೆ ಇಡಿ

ಪುಕ್ಕಟೆ ಕೊಟ್ಟರೆ ಎಲ್ಲರೂ ಬಳಸುತ್ತಾರೆ, ಅದರಿಂದ ನಿಮಗೆ ತಿಳಿಯುವುದು ಪುಕ್ಕಟೆಯ ರುಚಿಯನ್ನು ಮಾತ್ರ. ಬೆಲೆ ಕಡಿಮೆಯಿರಬಹುದು, ಆದರೆ ಸೊನ್ನೆ ಇರಕೂಡದು. ರಿಯಾಯಿತಿ ಕೊಡುವುದಾದರೆ ಪೂರ್ತಿ ಬೆಲೆಯನ್ನು ಮೊದಲು ಹೇಳಿ, ಆಮೇಲೆ ಕಡಿಮೆ ಮಾಡಿ. ಇಲ್ಲವಾದರೆ ಮುಂದೆ ಏರಿಸುವಾಗ ಜಗಳವಾಗುತ್ತದೆ.

ಅಂಗಡಿಯ ಮೂಲಕ ಮಾರುವ ವಸ್ತುವಾದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಇಡ್ಲಿ, ದೋಸೆ ಹಿಟ್ಟಿನ ಐಡಿ ಫ್ರೆಶ್ ಫುಡ್ ಸಂಸ್ಥೆ ಬೆಂಗಳೂರಿನ ತಿಪ್ಪಸಂದ್ರದಲ್ಲಿ 2005ರ ಸುಮಾರಿಗೆ ಆರಂಭವಾದದ್ದು 50 ಚದರ ಅಡಿಯ ಜಾಗದಲ್ಲಿ. ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು ಮೊದಲು ಗುರಿಯಿಟ್ಟುಕೊಂಡದ್ದು ಸುತ್ತಮುತ್ತಲಿನ 20 ಅಂಗಡಿಗಳಲ್ಲಿ ದಿನಕ್ಕೆ 100 ಪ್ಯಾಕೆಟ್ ಮಾರುವುದನ್ನು. ಹೊಸ ಹೆಸರಿನ ಹಿಟ್ಟು ಇಟ್ಟುಕೊಳ್ಳಲು ಅಂಗಡಿಯವರು ಹಿಂಜರಿದಾಗ, ಮಾರಾಟವಾದ ಮೇಲೆ ಹಣ ಕೊಡಿ ಎಂದರು. ನೂರರ ಗಡಿ ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತು. ಹೀಗೆ ಕೊಟ್ಟ ಸರಕಿನಲ್ಲಿ ಅಂಗಡಿಯವರಿಗೆ ಕಳೆದುಕೊಳ್ಳಲು ಏನೂ ಇಲ್ಲದಿರುವುದರಿಂದ ಅವರ 'ಸರಿ, ಇಟ್ಟು ಹೋಗಿ' ಎಂಬ ಮಾತನ್ನು ಮಾರಾಟವೆಂದು ಬರೆದುಕೊಳ್ಳಬಾರದು. ಸಂಜೆ ಹೋಗಿ ಉಳಿದ ಪ್ಯಾಕೆಟ್ ಎಣಿಸಬೇಕು. ಮಾರಾಟವಾದದ್ದಕ್ಕಿಂತ ವಾಪಸ್ ಬಂದದ್ದರ ಪಟ್ಟಿ, ಯಾವ ಅಂಗಡಿ, ಯಾವ ವಾರ ಎಂಬ ವಿವರದೊಂದಿಗೆ, ಹೆಚ್ಚು ಕಲಿಸುತ್ತದೆ.

ನಮ್ಮ ವಿಷಯದಲ್ಲಿ ಬೆಳೆಗಾರರ 200 ರೂಪಾಯಿ ಮೊದಲ ವಾರವೇ ಸಾಲದೆ ಹೋಯಿತು. ಫೋನು, ಪೆಟ್ರೋಲು ಅಷ್ಟನ್ನು ನುಂಗಿದವು. ತಂಡದ ಮುಖ್ಯಸ್ಥರನ್ನು ಕೇಳಿದಾಗ ಅವರು ಹಣ ಕೊಡಲು ಒಪ್ಪಲಿಲ್ಲ, ಆದರೆ ಸರದಿಯಲ್ಲಿ ನಮ್ಮ ಪಟ್ಟಿಯ ತೋಟಗಳನ್ನು ಒಂದೇ ದಾರಿಯಲ್ಲಿ ಸಾಲಾಗಿ ಜೋಡಿಸಿಕೊಟ್ಟರೆ ತಮಗೆ ದಿನಕ್ಕೊಂದು ತೋಟ ಹೆಚ್ಚು ಮುಗಿಯುತ್ತದೆಂದೂ, ಹಾಗಾದರೆ ಆ ಹೆಚ್ಚಿನ ತೋಟದ ಕೂಲಿಯಲ್ಲಿ ಪಾಲು ಕೊಡುತ್ತೇವೆಂದೂ ಅವರೇ ಹೇಳಿದರು. ಬೆಲೆ ಇಡದಿದ್ದರೆ ಈ ಮಾತು ಹೊರಬರುತ್ತಲೇ ಇರಲಿಲ್ಲ.

ಏಳು: ಹತ್ತು ಮಂದಿಯನ್ನು ಒಂದೇ ಕಡೆ ಹಿಡಿಯಿರಿ

ಮೊದಲ ಹತ್ತು ಮಂದಿ ಹತ್ತು ತಾಲ್ಲೂಕುಗಳಲ್ಲಿ ಇರುವುದಕ್ಕಿಂತ ಒಂದೇ ಹೋಬಳಿಯಲ್ಲಿರುವುದು ಒಳ್ಳೆಯದು. ನೀವು ಒಂದು ದಿನದಲ್ಲಿ ಎಲ್ಲರನ್ನೂ ಕಾಣಬಹುದು, ಅವರು ಪರಸ್ಪರ ಮಾತಾಡಿಕೊಳ್ಳುತ್ತಾರೆ, ಒಬ್ಬರಿಗೆ ಆದ ತಪ್ಪು ಮರುದಿನವೇ ಎಲ್ಲರಿಗೂ ತಿಳಿದು ನಿಮಗೆ ಬೈಗುಳವಾಗಿ ಬರುತ್ತದೆ. ಈ ಬೈಗುಳ ಬೇಗ ಬಂದಷ್ಟೂ ಅಗ್ಗ. ಇನ್‌ಸ್ಟಾಗ್ರಾಮ್ ಜಾಹೀರಾತಿನಿಂದ ಬಂದ ಹತ್ತು ಮಂದಿ ಕೈಬಿಟ್ಟು ಹೋದಾಗ ಅವರು ಏಕೆ ಹೋದರೆಂಬುದೂ ನಿಮಗೆ ಗೊತ್ತಾಗುವುದಿಲ್ಲ.

ಪ್ರತಿಯೊಬ್ಬರಿಗೂ ನೀವೇ ಹೋಗಿ ಕಲಿಸಿ, ನೀವೇ ಅವರ ಪಕ್ಕದಲ್ಲಿ ಕುಳಿತು ಬಳಸುವುದನ್ನು ನೋಡಿ; ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಬಾಯಿ ಮುಚ್ಚಿಕೊಂಡು ಗಮನಿಸಿ. ಎರಡನೆಯ ವರ್ಷ ನಾವು ತಾರೀಕನ್ನು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸುತ್ತಿದ್ದೆವು. ಮನೆಯ ಅಮ್ಮನೊಬ್ಬರು ಅದನ್ನು ಓದುತ್ತಲೇ ಇರಲಿಲ್ಲ, ಬೆಂಗಳೂರಿನ ಮಗನಿಗೆ ಫೋನ್ ಮಾಡಿ ಓದಿಸಿಕೊಳ್ಳುತ್ತಿದ್ದರು. ಮರುದಿನದಿಂದ ಧ್ವನಿ ಸಂದೇಶ ಕಳಿಸಿದೆವು, ಮಗನಿಗೂ ಒಂದು ಪ್ರತಿ. ಆ ಮಗನೇ ಆಮೇಲೆ ತನ್ನ ಜೊತೆ ಕೆಲಸ ಮಾಡುವ, ಊರಿನಲ್ಲಿ ತೋಟವಿರುವ ಮೂವರನ್ನು ನಮ್ಮ ಪಟ್ಟಿಗೆ ಸೇರಿಸಿದ.

ಎಂಟು: ಫಲಿತಾಂಶ ಓದುವ ಅಳತೆಯನ್ನು ಮೊದಲೇ ಬರೆದಿಡಿ

ಪ್ರಯೋಗ ಮುಗಿದ ಮೇಲೆ ಅಳತೆಗೋಲು ಹುಡುಕಿದರೆ, ನಮಗೆ ಬೇಕಾದ ಉತ್ತರ ಕೊಡುವ ಕೋಲೇ ಸಿಗುತ್ತದೆ. ಆದ್ದರಿಂದ ಇಷ್ಟು ಮಂದಿ ಇಂಥದ್ದನ್ನು ಮಾಡಿದರೆ ಮುಂದುವರಿಯುತ್ತೇವೆ, ಇಲ್ಲದಿದ್ದರೆ ನಿಲ್ಲಿಸುತ್ತೇವೆ ಎಂದು ಮೊದಲ ದಿನವೇ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ. ಸಹಿ ಎಂಬುದು ತಮಾಷೆಯಾಗಿ ಕಾಣಬಹುದು, ಆದರೆ ಎರಡು ತಿಂಗಳ ನಂತರ ಗೆಳೆಯರಿಬ್ಬರ ನಡುವೆ ವಾದ ಬಂದಾಗ ಆ ಕಾಗದ ಕೆಲಸಕ್ಕೆ ಬರುತ್ತದೆ.

ಎಷ್ಟು ಮಂದಿ ಕೊಂಡರು ಎಂಬುದಕ್ಕಿಂತ ಎಷ್ಟು ಮಂದಿ ತಾವಾಗಿಯೇ ಮತ್ತೆ ಬಂದರು ಎಂಬುದು ಗಟ್ಟಿಯಾದ ಅಳತೆ. ಬಳಕೆದಾರರು ನೂರರ ಹತ್ತಿರ ಬಂದ ಮೇಲೆ ಶಾನ್ ಎಲಿಸ್ ಎಂಬ ಅಮೆರಿಕದ ಮಾರಾಟ ತಜ್ಞರು ರೂಢಿಗೆ ತಂದ ಪ್ರಶ್ನೆಯನ್ನು ಕೇಳಬಹುದು: ನಾಳೆಯಿಂದ ಇದು ಇಲ್ಲವಾದರೆ ನಿಮಗೆ ಹೇಗನ್ನಿಸುತ್ತದೆ? ತುಂಬಾ ಬೇಸರವಾಗುತ್ತದೆ ಎನ್ನುವವರು ಶೇ 40 ದಾಟಿದರೆ ಉತ್ಪನ್ನ ನೆಲೆ ಕಂಡಿದೆ ಎಂಬುದು ಅವರ ಲೆಕ್ಕ. ಆದರೆ ಒಂಬತ್ತು ಮಂದಿಯಲ್ಲಿ ಶೇಕಡಾವಾರು ಲೆಕ್ಕ ಹಾಕುವುದು ಹುಡುಗಾಟ, ಮತ್ತು ನಮ್ಮಲ್ಲಿ 'ಬೇಸರವಾಗುತ್ತದೆ' ಎಂದು ಸೌಜನ್ಯಕ್ಕೆ ಹೇಳುವವರೇ ಅರ್ಧದಷ್ಟು ಮಂದಿ ಇರುತ್ತಾರೆ ಎಂಬುದನ್ನೂ ಸೇರಿಸಿಕೊಳ್ಳಬೇಕು.

ನಮಗೆ ಅಳತೆಯನ್ನು ಬೆಳೆಯೇ ಒದಗಿಸಿತ್ತು. ಎರಡನೇ ಔಷಧಿ ಜುಲೈ ಕೊನೆಯ ಹೊತ್ತಿಗೆ ಬರುತ್ತದೆ. ನಾವು ಯಾರಿಗೂ ನೆನಪಿಸದೆ ಸುಮ್ಮನಿರುವುದು, ಒಂಬತ್ತರಲ್ಲಿ ಐವರು ತಾವಾಗಿ ಫೋನ್ ಮಾಡಿದರೆ ಮುಂದಿನ ವರ್ಷವೂ ಮಾಡುವುದು ಎಂದು ನೋಟ್‌ಬುಕ್ಕಿನ ರಟ್ಟಿನ ಒಳಗೆ ಬರೆದಿದ್ದೆವು. ಜುಲೈ 20ರವರೆಗೆ ಒಂದು ಕರೆಯೂ ಇಲ್ಲ. ಗೆಳೆಯ ಎರಡು ಬಾರಿ ಫೋನ್ ಕೈಗೆತ್ತಿಕೊಂಡು, ರಟ್ಟು ನೋಡಿ ಕೆಳಗಿಟ್ಟ. 21ರಂದು ಮಳೆ ಬಿಡುವು ಕೊಟ್ಟಿತು. ಸಂಜೆಯೊಳಗೆ ಆರು ತೋಟದವರು ಕರೆ ಮಾಡಿದರು. ಏಳನೆಯ ಕರೆ ತಂಡದ ಮುಖ್ಯಸ್ಥರದು: ನಾಳೆಯ ಸರದಿಯನ್ನು ನೀವೇ ಬರೆದು ಕಳಿಸಿಬಿಡಿ, ಆಚೆ ಊರಿನ ಹನ್ನೊಂದು ತೋಟಗಳನ್ನೂ ಸೇರಿಸಿ ಎಂದರು. ಮೊದಲ ವರ್ಷ ಬರೆದ ಆ್ಯಪ್ ಇನ್ನೂ ಹಾಗೆಯೇ ಇದೆ. ನೋಟ್‌ಬುಕ್ ಮಾತ್ರ ಆ ರಾತ್ರಿ ಮುಗಿಯಿತು, ಮರುದಿನ ಬೆಳಿಗ್ಗೆ ಇನ್ನೊಂದು ಕೊಂಡೆವು.